ವಯಸ್ಸು ಆಮೇಲೆ, ಮೊದಲು ಪಿಯುಸಿ ಮಾರ್ಕ್ಸ್ ಕಾರ್ಡ್ ತೋರಿಸಿ

ನೀಟ್ ಅರ್ಜಿ ಶುರುವಾಗುವ ಹೊತ್ತಿಗೆ ಪ್ರತಿ ವರ್ಷ ನನಗೆ ಒಂದೇ ಥರದ ಫೋನುಗಳು ಬರುತ್ತವೆ. ಮಾಡುವವರು ಹದಿನೆಂಟರ ಹುಡುಗರಲ್ಲ. ಬ್ಯಾಂಕಿನವರು, ಸಾಫ್ಟ್‌ವೇರಿನವರು, ಮೆಡಿಕಲ್ ರೆಪ್‌ಗಳು, ಮಕ್ಕಳು ಹೈಸ್ಕೂಲಿಗೆ ಬಂದ ಮೇಲೆ ಸ್ವಲ್ಪ ಪುರುಸೊತ್ತು ಸಿಕ್ಕಿರುವ ಗೃಹಿಣಿಯರು. ಎಲ್ಲರದೂ ಒಂದೇ ಪ್ರಶ್ನೆ: "ಸರ್, ನನಗೀಗ ಮೂವತ್ತಾರು. ಬಿಡಿಎಸ್‌ಗೆ ತಗೊಳ್ತಾರಾ?"

ನಾನು ದಂತವೈದ್ಯ. ಕ್ಲಿನಿಕ್ ಜೊತೆಗೆ ಡೆಂಟಲ್ ಕಾಲೇಜೊಂದರಲ್ಲಿ ಪಾಠವನ್ನೂ ಮಾಡುತ್ತೇನೆ. ಹಾಗಾಗಿ ಈ ಪ್ರಶ್ನೆ ನನ್ನ ಹತ್ತಿರ ಬರುವುದು ಸಹಜ. ಉತ್ತರ ಒಂದೇ ಸಾಲಿನದು. ನೀಟ್‌ಗೆ ಗರಿಷ್ಠ ವಯಸ್ಸಿನ ಮಿತಿ ಇಲ್ಲ. ಹಿಂದೆ 25 ವರ್ಷ, ಮೀಸಲಾತಿ ಇದ್ದವರಿಗೆ 30 ಅಂತ ಇತ್ತು. ಅದು ಕೋರ್ಟಿಗೆ ಹೋಗಿ, ಎಳೆದಾಡಿ, ಕೊನೆಗೆ 2022ರ ಮಾರ್ಚ್‌ನಲ್ಲಿ ತೆಗೆದುಹಾಕಿದರು. ಸೇರುವ ವರ್ಷದ ಡಿಸೆಂಬರ್ 31ಕ್ಕೆ 17 ತುಂಬಿದ್ದರೆ ಸಾಕು. ಒಡಿಶಾದ ನಿವೃತ್ತ ಬ್ಯಾಂಕ್ ಉದ್ಯೋಗಿಯೊಬ್ಬರು 64ನೇ ವಯಸ್ಸಿನಲ್ಲಿ ಎಂಬಿಬಿಎಸ್ ಸೇರಿದ 2020ರ ಸುದ್ದಿಯನ್ನು ನನಗೆ ವಾಟ್ಸಾಪ್‌ನಲ್ಲಿ ಕಳಿಸದವರೇ ಇಲ್ಲ.

ವಯಸ್ಸಿನ ವಿಷಯ ಇಲ್ಲಿಗೆ ಮುಗಿಯಿತು. ಆಮೇಲೆ ನಾನು ಕೇಳುತ್ತೇನೆ: "ಸೆಕೆಂಡ್ ಪಿಯುಸಿಯಲ್ಲಿ ಕಾಂಬಿನೇಷನ್ ಯಾವುದು?"

ಆ ಕಡೆ ಒಂದು ಕ್ಷಣ ಮೌನ. ಆಮೇಲೆ, "ಬಿಇ ಆಗಿದೆ ಸರ್. ಎಂಟೆಕ್ ಕೂಡ ಆಗಿದೆ."

ನಾನು ಕೇಳಿದ್ದು ಅದಲ್ಲ. ಇಲ್ಲೇ ನನ್ನ ತಾಳ್ಮೆ ಕೆಡುವುದು. ಹತ್ತೊಂಬತ್ತು ವರ್ಷದ ಹಿಂದಿನ ಮಾರ್ಕ್ಸ್ ಕಾರ್ಡ್ ಯಾಕೆ ಬೇಕು, ಅದಾದ ಮೇಲೆ ಇಷ್ಟೊಂದು ಓದಿದ್ದೇನಲ್ಲ ಅನ್ನುವುದು ಇವರ ವಾದ. ನ್ಯಾಯವಾಗಿಯೇ ಕಾಣುತ್ತದೆ. ಆದರೆ ನಿಯಮ ಕೇಳುವುದು ಡಿಗ್ರಿಯನ್ನಲ್ಲ. ಹನ್ನೆರಡನೇ ತರಗತಿಯಲ್ಲಿ ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ, ಇಂಗ್ಲಿಷ್ ಒಂದೊಂದರಲ್ಲೂ ಪಾಸಾಗಿರಬೇಕು. ವಿಜ್ಞಾನದ ಮೂರರಲ್ಲೂ ಪ್ರಾಕ್ಟಿಕಲ್ ಆಗಿರಬೇಕು. ಆ ಮೂರೂ ಸೇರಿ ಸಾಮಾನ್ಯ ವರ್ಗದವರಿಗೆ ಶೇ. 50, ಎಸ್‌ಸಿ, ಎಸ್‌ಟಿ, ಹಿಂದುಳಿದ ವರ್ಗದವರಿಗೆ ಶೇ. 40 ಬಂದಿರಬೇಕು. ಇದರ ಮುಂದೆ ಎಂಟೆಕ್ ಸರ್ಟಿಫಿಕೇಟ್ ಇಡುವುದು, ಪಾಸ್‌ಪೋರ್ಟ್ ಕೇಳಿದ ಕೌಂಟರಿನಲ್ಲಿ ಆಸ್ತಿಪತ್ರ ತೋರಿಸಿದ ಹಾಗೆ. ಆಸ್ತಿ ನಿಮ್ಮದೇ, ಯಾರೂ ಇಲ್ಲ ಅನ್ನುವುದಿಲ್ಲ.

ಇನ್ನೂ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಎಡವುವುದು ಇಲ್ಲೇ.

ಪಿಸಿಎಂಸಿ ಅಥವಾ ಪಿಸಿಎಂಇ ತಗೊಂಡವರಿಗೆ ಬಯಾಲಜಿಯೇ ಇಲ್ಲ. ಬೆಂಗಳೂರಿನ ಸಾಫ್ಟ್‌ವೇರಿನವರಲ್ಲಿ ಜಾಸ್ತಿ ಜನ ಈ ಗುಂಪಿನವರು. ಇವರಿಗೆ ಮೊದಲು ಬಾಗಿಲು ಪೂರ್ತಿ ಮುಚ್ಚಿತ್ತು. 2023ರ ನವೆಂಬರ್‌ನಲ್ಲಿ ವೈದ್ಯಕೀಯ ಆಯೋಗ ಅದನ್ನು ಸ್ವಲ್ಪ ತೆರೆಯಿತು. ಹನ್ನೆರಡನೇ ತರಗತಿ ಮುಗಿದ ಮೇಲೂ ಮಾನ್ಯತೆ ಇರುವ ಬೋರ್ಡಿನಿಂದ ಬಯಾಲಜಿಯನ್ನು ಹೆಚ್ಚುವರಿ ವಿಷಯವಾಗಿ ಪಾಸು ಮಾಡಿಕೊಂಡರೆ ನೀಟ್ ಬರೆಯಬಹುದು ಅಂದಿತು. ಹಾಗಂತ ಯಾವುದೋ ಟ್ಯುಟೋರಿಯಲ್‌ನವರು "ಎರಡು ತಿಂಗಳಲ್ಲಿ ಬಯಾಲಜಿ ಮಾಡಿಸಿಕೊಡ್ತೀವಿ" ಅಂದರೆ ಅವರ ಕೈಗೆ ದುಡ್ಡು ಕೊಡಬೇಡಿ. ಬೋರ್ಡ್ ಯಾವುದು, ಪ್ರಾಕ್ಟಿಕಲ್ ಎಲ್ಲಿ ನಡೆಯುತ್ತದೆ ಅಂತ ಕೇಳಿ. ಎನ್‌ಐಒಎಸ್, ಅಂದರೆ ಕೇಂದ್ರದ ಮುಕ್ತ ಶಾಲಾ ಬೋರ್ಡ್ ಆದರೆ ನೀವೇ ನೇರವಾಗಿ ನೋಂದಾಯಿಸಿಕೊಳ್ಳಬಹುದು, ಮಧ್ಯೆ ಯಾರೂ ಬೇಕಿಲ್ಲ. ಆ ವರ್ಷದ ನೀಟ್ ಮಾಹಿತಿ ಪುಸ್ತಿಕೆಯಲ್ಲಿ ಬಿಡಿಎಸ್ ಅರ್ಹತೆಯ ಭಾಗವನ್ನು ನೀವೇ ಕೂತು ಓದಿ. 1948ರ ದಂತವೈದ್ಯರ ಕಾಯ್ದೆಯ ಜಾಗಕ್ಕೆ 2023ರಲ್ಲಿ ಹೊಸ ಕಾಯ್ದೆ ಬಂದಿದೆ, ನಿಯಮಗಳು ಬದಲಾಗುತ್ತಿರುವ ಕಾಲ ಇದು. ನನ್ನ ಮಾತಿಗಿಂತ ಆ ಪುಸ್ತಿಕೆಯ ಮಾತು ದೊಡ್ಡದು.

ಎಸ್ಸೆಸ್ಸೆಲ್ಸಿ ಆದ ಮೇಲೆ ಡಿಪ್ಲೊಮಾ ಮಾಡಿ, ಲ್ಯಾಟರಲ್ ಎಂಟ್ರಿಯಲ್ಲಿ ಬಿಇ ಮುಗಿಸಿದವರ ಕಥೆ ಇನ್ನೂ ಬೇಸರದ್ದು. ಇವರಿಗೆ ಪಿಯುಸಿಯೇ ಇಲ್ಲ. ಹದಿನೈದು ವರ್ಷ ಇಂಜಿನಿಯರ್ ಆಗಿದ್ದರೂ ಈ ಲೆಕ್ಕದಲ್ಲಿ ಹತ್ತನೇ ತರಗತಿ ಪಾಸಾದವರು. ಹನ್ನೆರಡನ್ನೇ ಮೊದಲಿಂದ ಮಾಡಬೇಕು. ಕಾಮರ್ಸ್‌ನವರೂ ವಿಜ್ಞಾನದ ಮೂರು ವಿಷಯಗಳನ್ನು ಹೊಸದಾಗಿ ಪಾಸು ಮಾಡದೆ ದಾರಿಯಿಲ್ಲ.

ಇನ್ನು ಪಿಸಿಎಂಬಿ ಅಂತ ಎದೆಯುಬ್ಬಿಸಿ ಹೇಳುವವರು. ಇವರೇ ನಿಜವಾಗಿ ಅಪಾಯದಲ್ಲಿರುವುದು, ಯಾಕೆಂದರೆ ತಾವು ಪಾರಾಗಿದ್ದೇವೆ ಅಂದುಕೊಂಡಿರುತ್ತಾರೆ. ಆಗ ಇಂಜಿನಿಯರಿಂಗ್ ಸಿಇಟಿ ತಲೆಯಲ್ಲಿತ್ತು, ಬಯಾಲಜಿ ಯಾರಿಗೆ ಬೇಕಿತ್ತು? ಒಬ್ಬರ ಮಾರ್ಕ್ಸ್ ಕಾರ್ಡಿನಲ್ಲಿ ಗಣಿತಕ್ಕೆ 91 ಇತ್ತು. ಫಿಸಿಕ್ಸ್ 52, ಕೆಮಿಸ್ಟ್ರಿ 49, ಬಯಾಲಜಿ 41. ಗಣಿತ ಬಿಟ್ಟು ಕೂಡಿಸಿ: 142. ಮುನ್ನೂರಕ್ಕೆ 150 ಬೇಕು. ಅವರು ಸಾಮಾನ್ಯ ವರ್ಗದವರು. ಒಟ್ಟು ಫಸ್ಟ್ ಕ್ಲಾಸ್ ಇದೆ, ಆದರೂ ಅರ್ಹತೆ ಇಲ್ಲ. ಕೋಚಿಂಗಿಗೆ ಫೀಸ್ ಕಟ್ಟಿ, ಕೆಲಸಕ್ಕೆ ನೋಟಿಸ್ ಕೊಟ್ಟು ಆಮೇಲೆ ನನ್ನ ಹತ್ತಿರ ಬಂದಿದ್ದರು. ನೋಟಿಸ್ ವಾಪಸ್ ತಗೊಳ್ಳುವುದಕ್ಕೆ ಅವರ ಮ್ಯಾನೇಜರ್ ಒಪ್ಪಿದ್ದು ಪುಣ್ಯ. ಬಯೋಟೆಕ್‌ನಲ್ಲೋ ಮೈಕ್ರೋಬಯಾಲಜಿಯಲ್ಲೋ ಬಿಎಸ್ಸಿ ಮಾಡಿದವರೂ ಈ ಪಿಯುಸಿ ಲೆಕ್ಕವನ್ನು ಹಾಕಿಕೊಂಡೇ ಮುಂದೆ ಹೋಗಲಿ.

ಎರಡನೇ ತಪ್ಪು ತಿಳಿವಳಿಕೆ ಅಮೆರಿಕದ ವಿಡಿಯೋಗಳಿಂದ ಬರುತ್ತದೆ. ಅಲ್ಲಿ ಡೆಂಟಲ್ ಸ್ಕೂಲು ಡಿಗ್ರಿ ಆದ ಮೇಲಿನ ಓದು. ಡ್ಯಾಟ್ ಪರೀಕ್ಷೆ ಇರುತ್ತದೆ, ಅದರ ಜೊತೆ ನೀವು ಯಾಕೆ ದಂತವೈದ್ಯರಾಗಬೇಕು ಅಂತ ಬರೆದುಕೊಡಬೇಕು, ಕ್ಲಿನಿಕ್‌ಗಳಲ್ಲಿ ನಿಂತು ನೋಡಿರಬೇಕು, ಶಿಫಾರಸು ಪತ್ರ, ಸಂದರ್ಶನ ಎಲ್ಲ ಇರುತ್ತದೆ. ಅಲ್ಲಿ ಹತ್ತು ವರ್ಷದ ಬೇರೆ ಅನುಭವಕ್ಕೆ ಒಂದಿಷ್ಟು ಬೆಲೆ ಸಿಗಬಹುದು. ಅದನ್ನು ನೋಡಿದವರು "ನಿಮ್ಮ ಕ್ಲಿನಿಕ್‌ನಲ್ಲಿ ಮೂರು ತಿಂಗಳು ಕೂರ್ತೀನಿ, ಒಂದು ಲೆಟರ್ ಕೊಡಿ" ಅನ್ನುತ್ತಾರೆ. ಬನ್ನಿ, ಕೂರಿ, ಸಂತೋಷ. ಹಲ್ಲಿನ ಡಾಕ್ಟರ ದಿನ ಹೇಗಿರುತ್ತದೆ ಅಂತ ಗೊತ್ತಾಗುವುದು ಒಳ್ಳೆಯದೇ. ಆದರೆ ನನ್ನ ಲೆಟರ್ ಓದುವವರು ಇಲ್ಲಿ ಯಾರೂ ಇಲ್ಲ. ಸೀಟು ಹಂಚುವ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ಕೌನ್ಸೆಲಿಂಗ್‌ನಲ್ಲಿ ನಿಮ್ಮ ಹೆಸರಿನ ಮುಂದೆ ಇರುವುದು ರ‍್ಯಾಂಕ್ ಮತ್ತು ಕೆಟಗರಿ. ನಿಮ್ಮ ಹಿಂದಿನ ಕೆಲಸ, ಅದನ್ನು ಬಿಟ್ಟ ಕಾರಣ, ಅಜ್ಜಿಯ ಹಲ್ಲುಸೆಟ್ಟು ನೋಡಿ ಹುಟ್ಟಿದ ಆಸೆ ಯಾವುದಕ್ಕೂ ಅಲ್ಲಿ ಕಾಲಂ ಇಲ್ಲ. ಮ್ಯಾನೇಜ್‌ಮೆಂಟ್ ಸೀಟಿಗಾದರೆ ನೀಟ್ ಬೇಡ ಅನ್ನುವವರ ಮಾತನ್ನು ಅಲ್ಲೇ ನಿಲ್ಲಿಸಿ. ಎನ್‌ಆರ್‌ಐ ಕೋಟಾಕ್ಕೂ ನೀಟ್ ಅರ್ಹತೆ ಬೇಕೇ ಬೇಕು.

ಆದರೆ ನಿಮ್ಮ ಹಳೆಯ ಬದುಕು ಉಪಯೋಗಕ್ಕೆ ಬರುವ ಒಂದು ಜಾಗ ಇದೆ. ಹಳ್ಳಿ ಶಾಲೆಯಲ್ಲಿ, ಕನ್ನಡ ಮಾಧ್ಯಮದಲ್ಲಿ ಓದಿದವರು ಗ್ರಾಮೀಣ ಮತ್ತು ಕನ್ನಡ ಮಾಧ್ಯಮದ ಮೀಸಲಾತಿ ಕೇಳಬಹುದು. ಒಂದರಿಂದ ಹತ್ತರವರೆಗಿನ ವ್ಯಾಸಂಗ ಪ್ರಮಾಣಪತ್ರ ಬೇಕು, ಅದಕ್ಕೆ ಬಿಇಒ ಮೇಲುಸಹಿ ಬೇಕು. ಹಾವೇರಿ ಕಡೆಯ ಒಬ್ಬ ಬ್ಯಾಂಕ್ ಅಧಿಕಾರಿ ಇದಕ್ಕಾಗಿ ಊರಿಗೆ ಹೋದರು. ಅವರ ಪ್ರಾಥಮಿಕ ಶಾಲೆಯ ಹಳೇ ದಾಖಲಾತಿ ರಿಜಿಸ್ಟರ್ ಬಿಸಿಯೂಟದ ಅಕ್ಕಿ ಚೀಲಗಳ ಹಿಂದಿನ ಬೀರುವಿನಲ್ಲಿತ್ತು. ಮುಖ್ಯೋಪಾಧ್ಯಾಯರು ಇವರಿಗಿಂತ ಎರಡು ಕ್ಲಾಸ್ ಚಿಕ್ಕವರು. "ಈಗ್ಯಾಕ್ ಬೇಕಣ್ಣ ಇದು?" ಅಂತ ಕೇಳಿದರಂತೆ. ಡಾಕ್ಟರ್ ಓದೋಕೆ ಅಂತ ಹೇಳಲು ನಾಚಿಕೆಯಾಗಿ, ಮಗನಿಗೆ ಬೇಕು ಅಂದರಂತೆ. ಪ್ರಮಾಣಪತ್ರದಲ್ಲಿ ಇರುವುದು ಅಪ್ಪನ ಹೆಸರು, ಸುಳ್ಳು ಅಲ್ಲೇ ಸಿಕ್ಕಿಬಿತ್ತು. ಈ ಓಡಾಟಕ್ಕೆ ಸಮಯ ಹಿಡಿಯುತ್ತದೆ. ದಾಖಲೆ ಪರಿಶೀಲನೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬೇಡಿ.

ನೀಟ್ ತಯಾರಿಯ ಬಗ್ಗೆ ನಾನು ಹೇಳುವುದು ಕಡಿಮೆ, ಅದಕ್ಕೆ ಬೇರೆಯವರಿದ್ದಾರೆ. 720 ಅಂಕದಲ್ಲಿ ಅರ್ಧ, ಅಂದರೆ 360, ಬಯಾಲಜಿಯದು. 2025ರಿಂದ 180 ಪ್ರಶ್ನೆಗೆ 180 ನಿಮಿಷ, ತಪ್ಪಿಗೆ ಒಂದು ಅಂಕ ಕಡಿತ. ಇಂಜಿನಿಯರುಗಳು ಫಿಸಿಕ್ಸ್ ನಮ್ಮ ಕೈಯಲ್ಲಿದೆ ಅಂತ ಬರುತ್ತಾರೆ, ಸಸ್ಯಗಳ ವರ್ಗೀಕರಣದಲ್ಲಿ ಮುಳುಗುತ್ತಾರೆ. ಅಟ್ಟದ ಮೇಲಿನ ಹಳೇ ಪಿಯುಸಿ ನೋಟ್ಸ್ ಇಳಿಸಬೇಡಿ, ಎನ್‌ಸಿಇಆರ್‌ಟಿ ಪುಸ್ತಕ ಹೊಸದಾಗಿ ಕೊಂಡುಕೊಳ್ಳಿ.

ಸೀಟು ಸಿಕ್ಕಿತು ಅನ್ನೋಣ. ನಾಲ್ಕು ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಈಗಿನ ನಿಯಮದಂತೆ ಮೊದಲ ವರ್ಷದ ವಿಷಯಗಳನ್ನು ಮೂರು ವರ್ಷದೊಳಗೆ, ಪೂರ್ತಿ ಕೋರ್ಸನ್ನು ಒಂಬತ್ತು ವರ್ಷದೊಳಗೆ ಮುಗಿಸಬೇಕು. ಮನೆ ಸಂಭಾಳಿಸಿಕೊಂಡು ನಿಧಾನಕ್ಕೆ ಮಾಡ್ತೀನಿ ಅನ್ನುವವರು ಇದನ್ನು ನೆನಪಿಡಲಿ. ಇದು ಸಂಜೆ ಕಾಲೇಜಲ್ಲ, ಹಾಜರಾತಿ ಬೇಕು.

ಯಾರೂ ಕೇಳದ ಪ್ರಶ್ನೆ ಕಣ್ಣಿನದು. ಮೊದಲ ವರ್ಷ ಕೈಗೆ ಮೇಣದ ಬ್ಲಾಕ್ ಕೊಡುತ್ತೇವೆ. ಲೆಕ್ರಾನ್ ಕಾರ್ವರ್ ಹಿಡಿದು ಹಲ್ಲು ಕೆತ್ತಬೇಕು. ಮುಂದಿನ ಹಲ್ಲು ಹೇಗೋ ಬರುತ್ತದೆ. ಮೇಲಿನ ದವಡೆಹಲ್ಲಿಗೆ ಬಂದಾಗ ಗೊತ್ತಾಗುತ್ತದೆ. ನಾಲ್ಕು ಉಬ್ಬು, ಅವುಗಳ ನಡುವೆ ಕೂದಲೆಳೆಯಷ್ಟು ತಗ್ಗು, ಓರೆಯಾಗಿ ಹಾದುಹೋಗುವ ಒಂದು ಏಣು. ನಲವತ್ತರ ಹತ್ತಿರದವರು ಬ್ಲಾಕನ್ನು ಮೆಲ್ಲಗೆ ದೂರ ಹಿಡಿಯುತ್ತಾರೆ. ಅದನ್ನು ನೋಡಿದರೆ ಸಾಕು, ಚಾಳೀಸು ಬಂದಿದೆ ಅಂತ ನಮಗೆ ತಿಳಿಯುತ್ತದೆ. ಅದೇನು ಅಡ್ಡಿಯಲ್ಲ, ಕನ್ನಡಕ ಇದೆ, ಕಣ್ಣಿಗೆ ಹಾಕಿಕೊಳ್ಳುವ ಭೂತಗನ್ನಡಿ ಲೂಪ್ ಇದೆ. ಆದರೆ ಮೇಣವನ್ನು ದೂರ ಹಿಡಿಯಬಹುದು, ಪೇಷಂಟ್ ಬಾಯಿಯನ್ನು ದೂರ ಹಿಡಿಯಲಾಗದು. ಸೇರುವ ಮೊದಲೇ ಕಣ್ಣು ತೋರಿಸಿ. ಕುತ್ತಿಗೆ, ಸೊಂಟದ ನೋವು ಈಗಾಗಲೇ ಇದ್ದರೆ ಮೂಳೆ ಡಾಕ್ಟರ ಜೊತೆ ಮಾತಾಡಿಯೇ ಮುಂದುವರಿಯಿರಿ. ಬಗ್ಗಿ ಕೂರುವ ವೃತ್ತಿ ಇದು, ಕಂಪ್ಯೂಟರ್ ಮುಂದೆ ಹಾಳಾದ ಕುತ್ತಿಗೆಯನ್ನು ಇಲ್ಲಿ ತಂದರೆ ಸರಿಹೋಗುವುದಿಲ್ಲ.

ಕ್ಲಿನಿಕಲ್ ವರ್ಷಗಳಲ್ಲಿ ಮಾತ್ರ ದೊಡ್ಡವರಿಗೆ ಮೇಲುಗೈ. ಇಷ್ಟು ಹಲ್ಲು ಕೀಳಬೇಕು, ಇಷ್ಟು ಫಿಲ್ಲಿಂಗ್, ಇಷ್ಟು ಪೂರ್ತಿ ಹಲ್ಲುಸೆಟ್ಟು ಅಂತ ಕೋಟಾ ಇರುತ್ತದೆ. ಹುಡುಗರು ಪೇಷಂಟ್ ಹುಡುಕುತ್ತಾ ಆಟೋ ಸ್ಟ್ಯಾಂಡಿಗೆ ಹೋಗುತ್ತಾರೆ. ಹಲ್ಲಿಲ್ಲದ ತಾತಂದಿರನ್ನು ಕಾಪಿಟ್ಟುಕೊಳ್ಳುತ್ತಾರೆ, ಏಕೆಂದರೆ ಸೆಟ್ಟಿಗೆ ಐದಾರು ಸಲ ಬರಬೇಕು, ಮೂರನೇ ಸಲಕ್ಕೆ ತಾತ ಮಗಳ ಮನೆಗೆ ಹೋಗಿಬಿಡುತ್ತಾರೆ. ನಮ್ಮಲ್ಲಿ ಒಬ್ಬ ವಿದ್ಯಾರ್ಥಿನಿ ಇದ್ದರು, ಎರಡು ಮಕ್ಕಳ ತಾಯಿ. ಕ್ಲಾಸಿನವರಿಗೆಲ್ಲ ಅಕ್ಕ. ಅವರಿಗೆ ಪೇಷಂಟ್ ಕೊರತೆಯೇ ಇರಲಿಲ್ಲ. ನೆರೆತ ಕೂದಲು ನೋಡಿ ಜನ ಇವರೇ ದೊಡ್ಡ ಡಾಕ್ಟ್ರು ಅಂತ ಸೀದಾ ಇವರ ಕುರ್ಚಿಗೇ ಬರುತ್ತಿದ್ದರು. ಪಕ್ಕದಲ್ಲಿ ನಿಂತು ಕಲಿಸುತ್ತಿದ್ದ ಯುವ ಲೆಕ್ಚರರ್‌ಗೆ ಒಬ್ಬಜ್ಜಿ, "ಸ್ವಲ್ಪ ಸರಿಯಪ್ಪಾ, ಡಾಕ್ಟ್ರಮ್ಮ ನೋಡ್ಲಿ" ಅಂದಿದ್ದುಂಟು.

ದುಡ್ಡಿನ ವಿಷಯದಲ್ಲಿ ನಾನು ಸಲಹೆಗಾರನಲ್ಲ. ಇಷ್ಟು ಹೇಳಬಲ್ಲೆ: ಲೆಕ್ಕ ಹಾಕುವಾಗ ಐದು ವರ್ಷಕ್ಕೆ ನಿಲ್ಲಿಸಬೇಡಿ. ನೀಟ್‌ಗೆ ಓದುವ ವರ್ಷ, ಆಮೇಲೆ ಯಾರದ್ದೋ ಕ್ಲಿನಿಕ್‌ನಲ್ಲಿ ಅಸಿಸ್ಟೆಂಟ್ ಆಗಿರುವ ವರ್ಷಗಳು, ಸ್ನಾತಕೋತ್ತರ ಎಂಡಿಎಸ್ ಮಾಡಿದರೆ ಇನ್ನೂ ಮೂರು, ಎಲ್ಲ ಸೇರಿಸಿ. ದೇಶದಲ್ಲಿ 300ಕ್ಕೂ ಹೆಚ್ಚು ಡೆಂಟಲ್ ಕಾಲೇಜುಗಳಿವೆ, ಪೇಟೆಗಳಲ್ಲಿ ಬೀದಿಗೊಂದು ಬೋರ್ಡ್ ಕಾಣುತ್ತದೆ. ನಿಮ್ಮ ಊರಿನಲ್ಲೇ ಮೂರು ವರ್ಷದ ಹಿಂದೆ ಕ್ಲಿನಿಕ್ ತೆರೆದ ಹುಡುಗನನ್ನು ಕಾಫಿಗೆ ಕರೆದು ಕೇಳಿ. ನನ್ನಂಥ ಹಳಬರನ್ನು ಕೇಳಬೇಡಿ, ನಮ್ಮ ಕಾಲದ ಬಾಡಿಗೆಯೇ ಬೇರೆ.

ಇತ್ತೀಚಿನ ವರ್ಷಗಳಲ್ಲಿ ಫೋನ್ ಮಾಡಿ ಮಾರ್ಕ್ಸ್ ಕಾರ್ಡನ್ನು ತಾವಾಗಿಯೇ ಕಳಿಸಿದವರು ಒಬ್ಬರೇ. ಡೆಂಟಲ್ ಲ್ಯಾಬ್‌ನಲ್ಲಿ ಮೆಕ್ಯಾನಿಕ್ ಆಗಿದ್ದವರು, ಮೂವತ್ತನಾಲ್ಕು ವಯಸ್ಸು. ಡಿಪ್ಲೊಮಾ ಇದೆಯಲ್ಲ, ನೇರ ಎರಡನೇ ವರ್ಷಕ್ಕೆ ಸೇರಿಸ್ತಾರಾ ಅಂತ ಕೇಳಿದರು. ಇಲ್ಲ, ಮೊದಲಿಂದಲೇ ಅಂದೆ. ಬೇಜಾರು ಮಾಡಿಕೊಳ್ಳದೆ ನೀಟ್ ಬರೆದು ಬಂದರು. ಈಗ ಎರಡನೇ ವರ್ಷ. ಹಲ್ಲುಸೆಟ್ಟಿಗೆ ಹಲ್ಲು ಜೋಡಿಸುವ ಟೀತ್ ಸೆಟ್ಟಿಂಗ್ ಪ್ರಾಕ್ಟಿಕಲ್‌ನಲ್ಲಿ ಪಕ್ಕದ ಮೇಜಿನ ಹುಡುಗರೆಲ್ಲ ಇವರ ಸುತ್ತ ನಿಂತು ನೋಡುತ್ತಾರೆ, ನಮ್ಮ ಸ್ಟಾಫ್ ಕೂಡ. ಫಾರ್ಮಕಾಲಜಿ ಇಂಟರ್ನಲ್ಸ್‌ನಲ್ಲಿ ಮಾತ್ರ ಹೋದ ತಿಂಗಳು ಹೊಡೆತ ಬಿತ್ತು. ಅದಕ್ಕೆ ಒಬ್ಬ ಹತ್ತೊಂಬತ್ತರ ಹುಡುಗಿ ದಿನಾ ಮಧ್ಯಾಹ್ನ ಕ್ಯಾಂಟೀನಿನಲ್ಲಿ ಪಾಠ ಹೇಳಿಕೊಡುತ್ತಿದ್ದಾಳೆ, ಬದಲಿಗೆ ಅವಳ ಸೆಟ್ಟಿಂಗ್ ಇವರು ತಿದ್ದಿಕೊಡುತ್ತಾರೆ.