ಡೌನ್‌ಲೋಡ್ ಲೆಕ್ಕದಲ್ಲಿ ಈ ‘ಡೆಸ್ಕ್‌ಟಾಪ್’ ಎಲ್ಲಿಂದ ಬಂತು?

ಉಡುಪಿಯಲ್ಲಿ ಪರಿಚಯದ ಹುಡುಗರಿಬ್ಬರು ತುಳು ಕ್ಯಾಲೆಂಡರಿನ ಆ್ಯಪ್ ಮಾಡಿದ್ದಾರೆ. ಪಗ್ಗು, ಬೇಶ, ಕಾರ್ತೆಲ್, ಆಟಿ ಅಂತ ಇವತ್ತು ಯಾವ ತಿಂಗಳ ಎಷ್ಟನೇ ದಿನ ಎಂದು ತೋರಿಸುತ್ತದೆ, ಅಷ್ಟೇ. ಮೊನ್ನೆ ಆ್ಯಪಲ್‌ನವರು ಕೊಡುವ ಡೌನ್‌ಲೋಡ್ ಲೆಕ್ಕ ತೆರೆದರೆ ಐಫೋನ್, ಐಪ್ಯಾಡ್ ಸಾಲುಗಳ ಕೆಳಗೆ ಇನ್ನೊಂದು ಸಾಲು. ಡೆಸ್ಕ್‌ಟಾಪ್: 3. ‘ಅಣ್ಣಾ, ನಾವು ಕಂಪ್ಯೂಟರಿಗೆ ಏನೂ ಮಾಡ್ಲೇ ಇಲ್ವಲ್ಲ, ಇದೆಲ್ಲಿಂದ?’ ಅಂತ ಫೋನ್ ಬಂತು.

ಉತ್ತರ ಹೇಳೋಕೆ ಒಂದು ನಿಮಿಷ ಸಾಕಿತ್ತು. ನಾನು ಹಳೆಯ ಕಾಲದಿಂದ ಶುರು ಮಾಡಿದೆ.

ಸ್ಮಾರ್ಟ್‌ಫೋನ್ ಬರುವ ಮೊದಲು ಮಂಗಳೂರಿನಲ್ಲಿ ನಮ್ಮ ಆ್ಯಪ್ ಸ್ಟೋರ್ ಅಂದರೆ ಹಂಪನಕಟ್ಟೆಯ ಮೊಬೈಲ್ ಅಂಗಡಿ. ಗೇಮ್ ಹಾಕಿಸಲು ಹೋದರೆ ಅಂಗಡಿಯವನ ಮೊದಲ ಪ್ರಶ್ನೆ, ‘ಮಾಡೆಲ್ ಯಾವುದು?’ ಗಲ್ಫ್‌ನಿಂದ ಮಾವ ತಂದುಕೊಟ್ಟ ನೋಕಿಯಾ 6600 ಆದರೆ ಅದರಲ್ಲಿ ಸಿಂಬಿಯನ್, ಅಂದರೆ ಈಗಿನ ಆಂಡ್ರಾಯ್ಡ್ ಹಾಗೆ ಫೋನನ್ನೇ ನಡೆಸುವ ಸಾಫ್ಟ್‌ವೇರ್ ಇರುತ್ತಿತ್ತು, ಅದಕ್ಕೆಂದೇ ಮಾಡಿದ ಸಿಸ್ ಫೈಲ್ ನಡೆಯುತ್ತಿತ್ತು. ಸಾದಾ ಫೋನ್ ಆದರೆ ಜಾವಾ, ಅಂದರೆ ಜಾರ್ ಫೈಲ್. ಆಮೇಲೆ ಎನ್73 ಬಂದಾಗ ಇನ್ನೊಂದು ತಲೆನೋವು. ಅದೂ ನೋಕಿಯಾ, ಅದೂ ಸಿಂಬಿಯನ್. ಆದರೆ ಒಳಗಿನ ವ್ಯವಸ್ಥೆಯನ್ನೇ ಬದಲಾಯಿಸಿದ್ದರಿಂದ 6600ರ ಸಿಸ್ ಫೈಲ್ ಅದರಲ್ಲಿ ಏಳುತ್ತಲೇ ಇರಲಿಲ್ಲ.

ಈಗ ಲೆಕ್ಕ ಬರೆಯುವವನ ಕಷ್ಟ ನೋಡಿ. 6600ರಲ್ಲಿ ಜಾವಾ ಗೇಮ್ ಕೂಡ ಓಡುತ್ತಿತ್ತು. ಹಾಗಾದರೆ ಅದರ ಡೌನ್‌ಲೋಡನ್ನು ಯಾವ ಸಾಲಿಗೆ ಸೇರಿಸಬೇಕು? ಫೈಲ್ ನೋಡಿದರೆ ಜಾವಾ, ಫೋನ್ ನೋಡಿದರೆ ಸಿಂಬಿಯನ್. ಎರಡೂ ಸರಿಯೇ. ಒಬ್ಬರು ಹೀಗೆ ಬರೆದು ಇನ್ನೊಬ್ಬರು ಹಾಗೆ ಬರೆದರೆ ಎರಡು ಪಟ್ಟಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸಲು ಆಗುವುದಿಲ್ಲ. ಇನ್ನು ಕಾಲೇಜಿನ ಕೊನೆಯ ಬೆಂಚಿನಲ್ಲಿ ಬ್ಲೂಟೂತ್‌ನಲ್ಲಿ ಹರಿದಾಡಿದ ಗೇಮ್‌ಗಳು ಯಾರ ಪುಸ್ತಕಕ್ಕೂ ಸೇರಲಿಲ್ಲ. ನನ್ನ ಅಂದಾಜಿನಲ್ಲಿ ನಮ್ಮೂರಲ್ಲಿ ಜಾಸ್ತಿ ಇದ್ದದ್ದು ಅವೇ.

2008ರ ಜುಲೈ 10ರಂದು ಆ್ಯಪಲ್ ಸುಮಾರು 500 ಆ್ಯಪ್‌ಗಳೊಂದಿಗೆ ಆ್ಯಪ್ ಸ್ಟೋರ್ ತೆರೆಯಿತು. ಅದೇ ವರ್ಷ ಅಕ್ಟೋಬರಿನಲ್ಲಿ ಆಂಡ್ರಾಯ್ಡ್ ಮಾರ್ಕೆಟ್. 2009ರಲ್ಲಿ ಬ್ಲ್ಯಾಕ್‌ಬೆರಿಯ ಅಂಗಡಿ, ನೋಕಿಯಾದ ಓವಿ ಸ್ಟೋರ್. ಒಂದೊಂದು ಅಂಗಡಿಯಲ್ಲಿ ಹೆಚ್ಚುಕಡಿಮೆ ಒಂದೊಂದೇ ಬಗೆಯ ಫೋನಿನ ಸಾಮಾನು, ಹಾಗಾಗಿ ಲೆಕ್ಕ ಒಮ್ಮೆಗೇ ಚೊಕ್ಕ ಆಯಿತು. ಯಾವ ಅಂಗಡಿಯೋ ಅದೇ ಸಾಲು. 1996ರಲ್ಲಿ ಉಡುಪಿಯಲ್ಲಿ ಶುರುವಾಗಿ ಮೊದಲು ಆ್ಯಪಲ್‌ನ ಮ್ಯಾಕ್ ಕಂಪ್ಯೂಟರಿಗೆ ಸಾಫ್ಟ್‌ವೇರ್ ಮಾಡುತ್ತಿದ್ದ ರೋಬೋಸಾಫ್ಟ್ ಐಫೋನ್ ಕಡೆ ತಿರುಗಿದ್ದು ಈ ಹೊತ್ತಿಗೇ.

ಆ ಚೊಕ್ಕತನ ಜಾಸ್ತಿ ದಿನ ಉಳಿಯಲಿಲ್ಲ. 2014ರ ಆರಂಭದಿಂದ ನೋಕಿಯಾ ಸಿಂಬಿಯನ್‌ಗೆ ಹೊಸ ಆ್ಯಪ್ ತೆಗೆದುಕೊಳ್ಳುವುದನ್ನು ನಿಲ್ಲಿಸಿತು. ವಿಂಡೋಸ್ ಫೋನ್ ಬಂತು, ಹೋಯಿತು. ಹೀಗೆ ಬಡವಾದ ಸಾಲುಗಳನ್ನೆಲ್ಲ ಪಟ್ಟಿ ಮಾಡುವವರು ‘ಇತರೆ’ಗೆ ತಳ್ಳುತ್ತಾ ಹೋದರು. 2017ರಲ್ಲಿ ಜಿಯೋಫೋನ್ ಬಂದಾಗ ಅದನ್ನು ನಡೆಸುತ್ತಿದ್ದ ಕೈಒಎಸ್ ಎಂಬ ಸಾಫ್ಟ್‌ವೇರ್ ಎಷ್ಟೋ ಕಡೆ ಇದೇ ‘ಇತರೆ’ಯಲ್ಲಿ ಕೂತಿತು. ಒಂದೇ ಹೆಸರಿನ ಕೆಳಗೆ ಒಂದು ಸಾಯುತ್ತಿರುವ ಫೋನು, ಇನ್ನೊಂದು ಆಗಷ್ಟೇ ಹುಟ್ಟಿದ್ದು. ಆ ಸಾಲು ಏರಿದರೆ ಯಾವುದರಿಂದ ಏರಿತು ಅಂತ ಹೇಳುವುದು ಹೇಗೆ?

ಐಪ್ಯಾಡಿನದು ಇನ್ನೂ ಮಜಾ. 2019ರವರೆಗೆ ಅದರಲ್ಲಿದ್ದದ್ದು ಐಫೋನಿನದೇ ಸಾಫ್ಟ್‌ವೇರ್, ಐಒಎಸ್. ಆ ವರ್ಷ ಆ್ಯಪಲ್ ಅದಕ್ಕೆ ಐಪ್ಯಾಡ್‌ಒಎಸ್ ಅಂತ ಬೇರೆ ಹೆಸರಿಟ್ಟಿತು. ಹೆಸರು ನೋಡಿ ಸಾಲು ಮಾಡುವವರ ಪಟ್ಟಿಯಲ್ಲಿ ಐಒಎಸ್ ಕುಸಿದಂತೆ ಕಾಣಿಸುತ್ತದೆ. ನಿಜಕ್ಕೂ ಯಾರೂ ಫೋನ್ ಬಿಸಾಡಿರಲಿಲ್ಲ. ಸಾಲದ್ದಕ್ಕೆ ಅಲ್ಲಿಂದ ಮುಂದೆ ಐಪ್ಯಾಡಿನ ಬ್ರೌಸರ್ ಸಫಾರಿ, ವೆಬ್‌ಸೈಟುಗಳಿಗೆ ತನ್ನನ್ನು ಮ್ಯಾಕ್ ಅಂತಲೇ ಪರಿಚಯಿಸಿಕೊಳ್ಳತೊಡಗಿತು. ಸ್ವಂತ ಸೈಟಿನಲ್ಲಿ ಡೌನ್‌ಲೋಡ್ ಬಟನ್ ಇಟ್ಟವರಿಗೆ ಸೋಫಾದಲ್ಲಿ ಒರಗಿ ಐಪ್ಯಾಡ್ ಒತ್ತಿದವನೂ ಕಂಪ್ಯೂಟರ್ ಮುಂದೆ ಕೂತವನಾಗಿಯೇ ಕಾಣುತ್ತಾನೆ.

ಸಾಲುಗಳಷ್ಟೇ ಅಲ್ಲ, ಅದರೊಳಗಿನ ಅಂಕಿಯೂ ಒಂದೇ ಅರ್ಥದ್ದಲ್ಲ. ಆ್ಯಪಲ್ ಮೊದಲ ಸಲದ ಡೌನ್‌ಲೋಡನ್ನೂ ಅದೇ ವ್ಯಕ್ತಿ ಮತ್ತೆ ಇಳಿಸಿಕೊಂಡದ್ದನ್ನೂ ಬೇರೆ ಬೇರೆ ತೋರಿಸುತ್ತದೆ. ಗೂಗಲ್ ಪ್ಲೇಯಲ್ಲಿ ಎಷ್ಟು ಜನ, ಎಷ್ಟು ಸಾಧನ ಎಂದು ಬೇರೆ ಬೇರೆ ನೋಡಬಹುದು. ಹೊರಗಿನವರಿಗೆ ಕಾಣುವ ‘1,000+’, ‘5,000+’ ಬರೀ ಮೆಟ್ಟಿಲುಗಳು. ಯೂಟ್ಯೂಬ್ 2021ರಲ್ಲಿ ಅಲ್ಲಿ 1,000 ಕೋಟಿ ದಾಟಿತು. ಆಗ ಇಡೀ ಭೂಮಿಯ ಜನಸಂಖ್ಯೆ ಇನ್ನೂ 800 ಕೋಟಿ ಆಗಿರಲಿಲ್ಲ! ಹೊಸ ಫೋನಿನಲ್ಲಿ ಮೊದಲೇ ಕೂತಿರುವ ಆ್ಯಪ್ ಅದು, ಅಲ್ವಾ.

ಈಗ ಹುಡುಗರ ಡೆಸ್ಕ್‌ಟಾಪ್. ಆ್ಯಪಲ್ ಲೆಕ್ಕದಲ್ಲಿ ಈ ಹೆಸರು ಹಳೆಯದು. ಮೊದಲೆಲ್ಲ ಕಂಪ್ಯೂಟರಿನಲ್ಲಿದ್ದ ಆ್ಯಪಲ್‌ನ ಸಾಫ್ಟ್‌ವೇರ್ ಐಟ್ಯೂನ್ಸ್‌ನಲ್ಲೇ ಐಫೋನ್ ಆ್ಯಪ್ ಇಳಿಸಿ, ವೈರ್ ಹಾಕಿ ಫೋನಿಗೆ ಸಾಗಿಸಬಹುದಿತ್ತು. ಡೆಸ್ಕ್‌ಟಾಪ್ ಅಂದರೆ ಹಾಗೆ ಇಳಿಸಿದ್ದು. ಬಳಸುತ್ತಿದ್ದದ್ದು ಫೋನಿನಲ್ಲೇ. 2017ರ ಸೆಪ್ಟೆಂಬರಿನಲ್ಲಿ ಐಟ್ಯೂನ್ಸ್‌ನಿಂದ ಆ ಸೌಲಭ್ಯ ಹೋಯಿತು. 2020ರ ನವೆಂಬರಿನಲ್ಲಿ ಎಂ1 ಚಿಪ್ಪಿನ ಮ್ಯಾಕ್ ಬಂತು. ಅದರಲ್ಲಿ ಐಫೋನ್ ಆ್ಯಪ್ ನೇರವಾಗಿ ಓಡುತ್ತದೆ, ಹಾಗೆ ಇಳಿಸಿಕೊಂಡದ್ದೂ ಡೆಸ್ಕ್‌ಟಾಪ್ ಸಾಲಿಗೇ ಸೇರುತ್ತದೆ. ಹೆಸರು ಅದೇ, ಒಳಗಿನ ಜನ ಪೂರ್ತಿ ಬೇರೆ. 2016ರ ಡೆಸ್ಕ್‌ಟಾಪನ್ನೂ ಈಗಿನದನ್ನೂ ಒಂದೇ ಗೆರೆಯಲ್ಲಿ ಎಳೆದು ‘ಬಿದ್ದು ಮತ್ತೆ ಎದ್ದಿದೆ’ ಅಂದರೆ ಸುಮ್ನೆ ಮೋಸ ಹೋದಂತೆ.

‘ಆದರೆ ನಾವು ಮ್ಯಾಕ್‌ಗೆ ಕೊಟ್ಟೇ ಇಲ್ಲ’ ಅಂದ ಅವರಲ್ಲೊಬ್ಬ. ಕೊಡಬೇಕಾಗಿಲ್ಲ, ಐಫೋನಿಗೆ ಕೊಟ್ಟ ಆ್ಯಪನ್ನು ಆ್ಯಪಲ್ ತಾನಾಗಿಯೇ ಈ ಮ್ಯಾಕ್‌ಗಳಿಗೂ ಇಡುತ್ತದೆ. ಬೇಡ ಅಂದರೆ ಮಾತ್ರ ನಾವೇ ಹೋಗಿ ಟಿಕ್ ತೆಗೆಯಬೇಕು. ಇವರು ಆ ಟಿಕ್ ನೋಡಿಯೇ ಇರಲಿಲ್ಲ.

ಮೂರರಲ್ಲಿ ಒಂದು ಬೆಂಗಳೂರಿನಲ್ಲಿರುವ ಅವನ ಅಕ್ಕನ ಮನೆಯದು ಅಂತ ಆಮೇಲೆ ಗೊತ್ತಾಯಿತು. ಇನ್ನೊಂದು ಅವನದೇ ಮ್ಯಾಕ್‌ಬುಕ್, ಯಾವಾಗಲೋ ಹಾಕಿ ಮರೆತಿದ್ದ. ಮೂರನೆಯದು ಯಾರದೆಂದು ಇನ್ನೂ ವಿಚಾರಿಸುತ್ತಿದ್ದಾರೆ.