ಮೊದಲು ಫೈಲ್ ಎಲ್ಲಿದೆ ಅಂತ ಕಲಿಯಿರಿ

ಕಂಪ್ಯೂಟರ್ ಕಲಿಯಲು ಬರುವವರು ನನ್ನನ್ನು ಅತಿ ಹೆಚ್ಚು ಕೇಳುವ ಪ್ರಶ್ನೆ ಇದು: "ಈಗಷ್ಟೇ ಸೇವ್ ಮಾಡಿದೆ, ಫೈಲ್ ಎಲ್ಲಿ ಹೋಯ್ತು?" ಇದಕ್ಕೆ ವಯಸ್ಸಿನ ಭೇದ ಇಲ್ಲ. ನಿವೃತ್ತರಾದವರೂ ಕೇಳುತ್ತಾರೆ, ಕಾಲೇಜಿನ ಮಕ್ಕಳೂ ಕೇಳುತ್ತಾರೆ. ಚಿಕ್ಕಂದಿನಿಂದ ಫೋನ್ ಹಿಡಿದು ಬೆಳೆದವರಂತೂ ಇನ್ನೂ ಜಾಸ್ತಿ ಪರದಾಡುತ್ತಾರೆ. ಅದರಲ್ಲಿ ಅವರ ತಪ್ಪೇನೂ ಇಲ್ಲ. ಫೋನ್‌ನಲ್ಲಿ ಗ್ಯಾಲರಿ ತೆರೆದರೆ ಫೋಟೋ ಸಿಗುತ್ತದೆ, ಅದು ಯಾವ ಫೋಲ್ಡರ್‌ನಲ್ಲಿದೆ ಅಂತ ಯೋಚಿಸುವ ಅಗತ್ಯವೇ ಬರುವುದಿಲ್ಲ. ಡೆಸ್ಕ್‌ಟಾಪ್‌ನಲ್ಲಿ ಹಾಗೆ ನಡೆಯುವುದಿಲ್ಲ. ಇಲ್ಲಿ ಪ್ರತಿ ಫೈಲಿಗೂ ಒಂದು ವಿಳಾಸ ಇರುತ್ತದೆ, ಆ ವಿಳಾಸ ನಿಮಗೆ ಗೊತ್ತಿರಬೇಕು.

ಬಹಳಷ್ಟು ಕೋರ್ಸ್‌ಗಳು ಮಾನಿಟರ್ ಅಂದರೇನು, ಕೀಬೋರ್ಡ್ ಅಂದರೇನು ಎಂದು ಶುರುವಾಗಿ, ಆಮೇಲೆ ವಾಲ್‌ಪೇಪರ್ ಬದಲಾಯಿಸುವುದಕ್ಕೆ ಬರುತ್ತವೆ. ನನಗೆ ಇದು ಸರಿ ಕಾಣುವುದಿಲ್ಲ. ಮೌಸ್ ಹಿಡಿಯುವುದು, ಕಿಟಕಿ ದೊಡ್ಡದು ಚಿಕ್ಕದು ಮಾಡುವುದು, ಇವೆಲ್ಲ ಒಂದು ವಾರ ಕೈಯಾಡಿಸಿದರೆ ತಾನಾಗೇ ಬರುತ್ತದೆ. ಫೈಲ್‌ಗಳ ವಿಷಯ ಮಾತ್ರ ತಾನಾಗೇ ಬರುವುದಿಲ್ಲ. ವರ್ಷಗಟ್ಟಲೆ ಕಂಪ್ಯೂಟರ್ ಮುಂದೆ ಕೂತು ಕೆಲಸ ಮಾಡಿದವರಲ್ಲೂ ಎಷ್ಟೋ ಮಂದಿಗೆ ಇದು ಮಸುಕು ಮಸುಕಾಗಿಯೇ ಉಳಿದಿರುತ್ತದೆ.

ವಿಂಡೋಸ್ ಕಲಿಯಬೇಕೋ, ಮ್ಯಾಕ್ ಕಲಿಯಬೇಕೋ, ಲಿನಕ್ಸ್ ಕಲಿಯಬೇಕೋ ಅಂತಲೂ ಕೇಳುತ್ತಾರೆ. ನಿಮ್ಮ ಮುಂದೆ ಯಾವುದಿದೆಯೋ ಅದನ್ನೇ ಕಲಿಯಿರಿ. ಪರದೆಯ ಮೇಲೆ ಫೋಲ್ಡರ್ ಚಿತ್ರ, ಕಿಟಕಿ, ಮೌಸ್ ಬಾಣ ಎಂಬ ಈ ಇಡೀ ಏರ್ಪಾಡು 1970ರ ದಶಕದಲ್ಲಿ ಝೆರಾಕ್ಸ್ ಕಂಪನಿಯ ಪ್ರಯೋಗಾಲಯದಲ್ಲಿ ರೂಪುಗೊಂಡಿತು. 1984ರ ಮ್ಯಾಕಿಂಟಾಷ್ ಅದನ್ನು ಸಾಮಾನ್ಯ ಜನರ ಹತ್ತಿರ ತಂದಿತು, 1995ರಲ್ಲಿ ಬಂದ ವಿಂಡೋಸ್ 95 ಸ್ಟಾರ್ಟ್ ಬಟನ್ ಮತ್ತು ಟಾಸ್ಕ್‌ಬಾರ್ ಕೊಟ್ಟಿತು. ಇವತ್ತಿನ ಮೂರೂ ಸಿಸ್ಟಮ್‌ಗಳ ಬೇರು ಒಂದೇ ಕಡೆ ಇದೆ. ಹಾಗಾಗಿ ಒಂದರಲ್ಲಿ ಕೈ ಕೂತರೆ ಇನ್ನೊಂದಕ್ಕೆ ಹೊಂದಿಕೊಳ್ಳುವುದು ಕಷ್ಟವಲ್ಲ. ಹೆಚ್ಚಿನವರ ಬಳಿ ವಿಂಡೋಸ್ ಇರುವುದರಿಂದ ನಾನು ಅದರ ಉದಾಹರಣೆಗಳನ್ನೇ ಕೊಡುತ್ತೇನೆ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ನೀವು ಟೈಪ್ ಮಾಡುತ್ತಿರುವಾಗ ಆ ಅಕ್ಷರಗಳು ಕಂಪ್ಯೂಟರ್‌ನ ತಾತ್ಕಾಲಿಕ ಮೆಮೊರಿಯಾದ ರ‍್ಯಾಮ್‌ನಲ್ಲಿರುತ್ತವೆ. ಕರೆಂಟ್ ಹೋದರೆ ರ‍್ಯಾಮ್‌ನಲ್ಲಿ ಇದ್ದದ್ದೆಲ್ಲ ಹೋಯಿತು. ಸೇವ್ ಮಾಡಿದಾಗಲೇ ಅದು ಡಿಸ್ಕ್‌ಗೆ ಇಳಿಯುವುದು. ಈಗ ಎಷ್ಟೋ ಪ್ರೋಗ್ರಾಂಗಳು ತಾವೇ ಆಗಾಗ ಸೇವ್ ಮಾಡಿಕೊಳ್ಳುತ್ತವೆ ನಿಜ, ಆದರೆ ಎಲ್ಲವೂ ಮಾಡುವುದಿಲ್ಲ. ಯಾವುದು ಮಾಡುತ್ತದೆ, ಯಾವುದು ಮಾಡುವುದಿಲ್ಲ ಅಂತ ನೆನಪಿಟ್ಟುಕೊಳ್ಳುವುದಕ್ಕಿಂತ ಕಂಟ್ರೋಲ್ ಹಿಡಿದು ಎಸ್ ಒತ್ತುವ ಅಭ್ಯಾಸವೇ ಸುಲಭ. ಕೆಲವು ಪ್ರೋಗ್ರಾಂಗಳು ಸೇವ್ ಆಗದೆ ಉಳಿದ ಬದಲಾವಣೆ ಇದ್ದರೆ ಫೈಲ್ ಹೆಸರಿನ ಪಕ್ಕ ಒಂದು ಚಿಕ್ಕ ನಕ್ಷತ್ರವನ್ನೋ ಚುಕ್ಕಿಯನ್ನೋ ತೋರಿಸುತ್ತವೆ. ಅದನ್ನು ಗಮನಿಸಲು ಕಲಿತರೆ ಒಳ್ಳೆಯದು.

ಇನ್ನು ಫೈಲ್ ಕಳೆದುಹೋಗುವ ಜಾಗಕ್ಕೆ ಬರೋಣ. ಮೊದಲ ಸಲ ಸೇವ್ ಒತ್ತಿದಾಗ ಒಂದು ಕಿಟಕಿ ಬರುತ್ತದೆ. ಎಲ್ಲರ ಕಣ್ಣೂ ಕೆಳಗಡೆ ಹೆಸರು ಬರೆಯುವ ಜಾಗಕ್ಕೆ ಹೋಗುತ್ತದೆ. ಹೆಸರು ಬರೆದು, ಎಂಟರ್ ಒತ್ತಿ, ಮುಗಿಯಿತು ಅಂದುಕೊಳ್ಳುತ್ತಾರೆ. ಅದೇ ಕಿಟಕಿಯ ಮೇಲ್ಭಾಗದಲ್ಲಿ ಒಂದು ಪಟ್ಟಿ ಇದೆ, ಅದರಲ್ಲಿ ಫೈಲ್ ಯಾವ ಫೋಲ್ಡರ್‌ಗೆ ಹೋಗುತ್ತಿದೆ ಎಂದು ಬರೆದಿರುತ್ತದೆ. ಅದನ್ನು ಓದಿದವರಿಗೆ ಫೈಲ್ ಕಳೆಯುವುದಿಲ್ಲ. ನನ್ನ ಹತ್ತಿರ ಕಲಿಯುವವರಿಗೆ ನಾನು ಒಂದು ನಿಯಮ ಹಾಕುತ್ತೇನೆ: ಎಂಟರ್ ಒತ್ತುವ ಮೊದಲು ಆ ಪಟ್ಟಿಯನ್ನು ಜೋರಾಗಿ ಓದಬೇಕು. "ಡಾಕ್ಯುಮೆಂಟ್ಸ್ ಒಳಗೆ, ಪತ್ರಗಳು ಅನ್ನೋ ಫೋಲ್ಡರ್ ಒಳಗೆ." ಮೊದಲು ಸಂಕೋಚ ಪಡುತ್ತಾರೆ, ಆಮೇಲೆ ಕಣ್ಣು ತಾನಾಗೇ ಮೇಲೆ ಹೋಗತೊಡಗುತ್ತದೆ.

ಪೂರ್ತಿ ವಿಳಾಸ ಹೇಗಿರುತ್ತದೆ ಅಂದರೆ, ಸಿ ಡ್ರೈವ್, ಅದರೊಳಗೆ ಯೂಸರ್ಸ್, ಅದರೊಳಗೆ ನಿಮ್ಮ ಹೆಸರಿನ ಫೋಲ್ಡರ್, ಅದರೊಳಗೆ ಡಾಕ್ಯುಮೆಂಟ್ಸ್. ಎ ಮತ್ತು ಬಿ ಯಾಕಿಲ್ಲ ಅಂತ ಜಾಣರು ಕೇಳುತ್ತಾರೆ. ಹಳೆಯ ಕಂಪ್ಯೂಟರ್‌ಗಳಲ್ಲಿ ಆ ಎರಡು ಅಕ್ಷರಗಳು ಫ್ಲಾಪಿ ಡ್ರೈವ್‌ಗಳಿಗೆ ಮೀಸಲಾಗಿದ್ದವು, ಹಾರ್ಡ್ ಡಿಸ್ಕ್‌ಗೆ ಸಿ ಬಂತು, ಫ್ಲಾಪಿ ಹೋದರೂ ಸಿ ಹಾಗೇ ಉಳಿಯಿತು. ಇನ್ನೊಂದು ವಿಷಯ: ನೀವು ದಿನಾ ನೋಡುವ ಡೆಸ್ಕ್‌ಟಾಪ್ ಪರದೆಯೂ ಒಂದು ಫೋಲ್ಡರ್ ಅಷ್ಟೇ, ನಿಮ್ಮ ಹೆಸರಿನ ಫೋಲ್ಡರ್ ಒಳಗೇ ಇರುತ್ತದೆ. ಫೈಲ್‌ಗಳನ್ನು ಇಂಟರ್ನೆಟ್‌ನಲ್ಲಿ ಇಡುವ ಮೈಕ್ರೋಸಾಫ್ಟ್‌ನ ಒನ್‌ಡ್ರೈವ್ ಬ್ಯಾಕಪ್ ಆನ್ ಆಗಿದ್ದರೆ ಅದು ಒನ್‌ಡ್ರೈವ್ ಫೋಲ್ಡರ್ ಒಳಗೆ ಹೋಗಿ ಕೂತಿರುತ್ತದೆ. "ಡೆಸ್ಕ್‌ಟಾಪ್ ಫೋಲ್ಡರ್ ತೆರೆದೆ, ಖಾಲಿ ಇದೆ, ಪರದೆ ಮೇಲೆ ಮಾತ್ರ ಎಲ್ಲಾ ಕಾಣುತ್ತಿದೆ" ಎಂದು ಗಾಬರಿಯಾಗುವವರಲ್ಲಿ ಎಷ್ಟೋ ಜನರ ಸಮಸ್ಯೆ ಇದೇ.

ಈಗ ಕೈಯಾರೆ ಮಾಡಬೇಕಾದ ಕೆಲಸ. ನೋಟ್‌ಪ್ಯಾಡ್ ತೆರೆದು ಎರಡು ಸಾಲು ಬರೆಯಿರಿ. ಡಾಕ್ಯುಮೆಂಟ್ಸ್‌ನಲ್ಲಿ ಸೇವ್ ಮಾಡಿ, ನೋಟ್‌ಪ್ಯಾಡ್ ಮುಚ್ಚಿ. ವಿಂಡೋಸ್ ಕೀ ಹಿಡಿದು ಇ ಒತ್ತಿದರೆ ಫೈಲ್ ಎಕ್ಸ್‌ಪ್ಲೋರರ್ ಬರುತ್ತದೆ, ಅಲ್ಲಿಂದ ಹುಡುಕಿ ಅದೇ ಫೈಲ್ ತೆರೆಯಿರಿ. ಆಮೇಲೆ ಅದರ ಹೆಸರು ಬದಲಾಯಿಸಿ, ಬೇರೆ ಫೋಲ್ಡರ್‌ಗೆ ಕಾಪಿ ಮಾಡಿ, ಮೂಲವನ್ನು ಅಳಿಸಿ, ರೀಸೈಕಲ್ ಬಿನ್‌ನಿಂದ ವಾಪಸ್ ತನ್ನಿ. ಇಷ್ಟನ್ನೂ ಯಾರನ್ನೂ ಕೇಳದೆ ಮಾಡಲು ಬಂದರೆ ಅರ್ಧ ದಾರಿ ಬಂದಿರಿ ಎಂದೇ ನಾನು ಹೇಳುವುದು. ಹೆಸರಿನಲ್ಲಿ ತಾರೀಖು ಹಾಕುವಾಗ ನಡುವೆ ಓರೆ ಗೆರೆ ಹಾಕಬೇಡಿ, ವಿಂಡೋಸ್ ಒಪ್ಪುವುದಿಲ್ಲ. ಆ ಗೆರೆ ಫೋಲ್ಡರ್‌ಗಳನ್ನು ಬೇರ್ಪಡಿಸಲು ಬಳಕೆಯಾಗುತ್ತದೆ. ಅಡ್ಡ ಗೆರೆ ಹಾಕಿ, ವರ್ಷ ಮೊದಲು, ತಿಂಗಳು ಆಮೇಲೆ, ದಿನ ಕೊನೆಗೆ: 2025-03-09. ಹೀಗೆ ಬರೆದರೆ ಫೈಲ್‌ಗಳು ತಾವಾಗೇ ತಾರೀಖಿನ ಸಾಲಿನಲ್ಲಿ ಕೂರುತ್ತವೆ. ಹೆಸರನ್ನು ಕನ್ನಡದಲ್ಲೂ ಇಡಬಹುದು, ಧಾರಾಳವಾಗಿ ಇಡಿ.

ಮೌಸ್‌ನಿಂದ ಫೈಲ್ ಎಳೆದು ಹಾಕುವಾಗ ಎಚ್ಚರ ಬೇಕು. ಒಂದೇ ಡ್ರೈವ್ ಒಳಗೆ ಎಳೆದರೆ ಫೈಲ್ ಜಾಗ ಬದಲಿಸುತ್ತದೆ. ಬೇರೆ ಡ್ರೈವ್‌ಗೆ, ಅಂದರೆ ಪೆನ್ ಡ್ರೈವ್‌ಗೋ ಇನ್ನೊಂದಕ್ಕೋ ಎಳೆದರೆ ನಕಲು ಆಗುತ್ತದೆ, ಮೂಲ ಅಲ್ಲೇ ಇರುತ್ತದೆ. ಎಳೆಯುವಾಗ ಬಾಣದ ಪಕ್ಕದಲ್ಲೇ ಮೂವ್ ಅಂತಲೋ ಕಾಪಿ ಅಂತಲೋ ಸಣ್ಣಕ್ಷರದಲ್ಲಿ ಬರುತ್ತದೆ, ಬೆರಳು ಬಿಡುವ ಮೊದಲು ಅದನ್ನು ಓದಿ. ಫೈಲನ್ನು ಕಟ್ ಮಾಡಿ ಪೇಸ್ಟ್ ಮಾಡಲು ಮರೆತರೆ ಏನಾಗುತ್ತದೆ ಅಂತ ಹೆದರುವವರಿದ್ದಾರೆ. ಏನೂ ಆಗುವುದಿಲ್ಲ. ಪೇಸ್ಟ್ ಆಗುವ ತನಕ ಫೈಲ್ ಇದ್ದಲ್ಲೇ ಇರುತ್ತದೆ, ಬಣ್ಣ ಮಾತ್ರ ಮಸುಕಾಗಿರುತ್ತದೆ.

ಪೆನ್ ಡ್ರೈವ್ ವಿಷಯದಲ್ಲಿ ನಾನು ಪದೇ ಪದೇ ನೋಡುವ ಒಂದು ನೋವಿನ ಪ್ರಸಂಗ ಇದೆ. ಒಬ್ಬರು ರಾತ್ರಿಯೆಲ್ಲ ಕೂತು ರಿಪೋರ್ಟ್ ತಯಾರು ಮಾಡಿ, ಡೆಸ್ಕ್‌ಟಾಪ್ ಮೇಲಿನ ಐಕಾನ್ ಕಾಪಿ ಮಾಡಿ ಪೆನ್ ಡ್ರೈವ್‌ಗೆ ಹಾಕಿಕೊಂಡು ಹೋಗುತ್ತಾರೆ. ಅಲ್ಲಿ ಬೇರೆ ಕಂಪ್ಯೂಟರ್‌ಗೆ ಹಾಕಿದರೆ ತೆರೆಯುವುದೇ ಇಲ್ಲ. ಯಾಕೆಂದರೆ ಅವರು ಒಯ್ದದ್ದು ಶಾರ್ಟ್‌ಕಟ್. ಐಕಾನಿನ ಎಡ ಮೂಲೆಯಲ್ಲಿ ಪುಟ್ಟ ಬಾಣ ಇದ್ದರೆ ಅದು ಶಾರ್ಟ್‌ಕಟ್ ಎಂದು ತಿಳಿಯಿರಿ. ಅದರೊಳಗೆ ಮೂಲ ಫೈಲಿನ ವಿಳಾಸ ಬಿಟ್ಟು ಬೇರೇನೂ ಇಲ್ಲ, ಮನೆಯ ಬದಲು ಮನೆಯ ವಿಳಾಸ ಬರೆದ ಚೀಟಿ ಒಯ್ದಂತೆ. ಅದರ ಮೇಲೆ ರೈಟ್ ಕ್ಲಿಕ್ ಮಾಡಿ ಪ್ರಾಪರ್ಟೀಸ್ ನೋಡಿದರೆ ಗಾತ್ರ ಒಂದೆರಡು ಕೆಬಿ ಅಷ್ಟೇ ಇರುತ್ತದೆ. ಫೋಟೋಗಳಿರುವ ಐವತ್ತು ಪುಟದ ರಿಪೋರ್ಟ್ ಒಂದು ಕೆಬಿ ಇರಲು ಸಾಧ್ಯವೇ ಇಲ್ಲ, ಅಲ್ವಾ? ಕಾಪಿ ಆದಮೇಲೆ ಗಾತ್ರ ನೋಡುವುದು, ಪೆನ್ ಡ್ರೈವ್‌ನಿಂದಲೇ ಒಮ್ಮೆ ತೆರೆದು ನೋಡುವುದು, ಆಮೇಲೆ ಇಜೆಕ್ಟ್ ಮಾಡಿ ತೆಗೆಯುವುದು. ಮೂರೂ ಮಾಡಿ.

ಇದೇ ಥರ ಇಮೇಲ್‌ನಲ್ಲಿ ಬಂದ ಅಟ್ಯಾಚ್‌ಮೆಂಟನ್ನು ನೇರವಾಗಿ ತೆರೆದು ತಿದ್ದಿದರೆ, ಅಥವಾ ಜಿಪ್ ಫೈಲ್ (ಹಲವು ಫೈಲ್‌ಗಳನ್ನು ಒಂದೇ ಗಂಟಾಗಿ ಕಟ್ಟಿದ್ದು) ಒಳಗಿರುವಾಗಲೇ ತೆರೆದು ತಿದ್ದಿದರೆ, ಅನೇಕ ಸಲ ನೀವು ತಿದ್ದುತ್ತಿರುವುದು ತಾತ್ಕಾಲಿಕ ಫೋಲ್ಡರ್‌ನಲ್ಲಿರುವ ಒಂದು ನಕಲು. ಗಂಟೆಗಟ್ಟಲೆ ಮಾಡಿದ ಕೆಲಸ ಕೈಗೆ ಸಿಗದಂತೆ ಹೋಗುತ್ತದೆ. ಮೊದಲು ಡೌನ್‌ಲೋಡ್ ಮಾಡಿ, ಜಿಪ್ ಆದರೆ ಗಂಟು ಬಿಚ್ಚಿ, ಅಂದರೆ ಎಕ್ಸ್‌ಟ್ರಾಕ್ಟ್ ಮಾಡಿ, ಆಮೇಲೆ ತಿದ್ದಿ.

ಫೈಲ್ ಹೆಸರಿನ ಕೊನೆಗೆ ಚುಕ್ಕೆ ಇಟ್ಟು ಬರುವ ಮೂರ್ನಾಲ್ಕು ಅಕ್ಷರಗಳಿಗೆ ಎಕ್ಸ್‌ಟೆನ್ಷನ್ ಎನ್ನುತ್ತಾರೆ. ಆ ಫೈಲನ್ನು ಯಾವ ಪ್ರೋಗ್ರಾಂನಿಂದ ತೆರೆಯಬೇಕು ಎಂದು ವಿಂಡೋಸ್ ತೀರ್ಮಾನಿಸುವುದು ಅದನ್ನು ನೋಡಿಯೇ. ಆದರೆ ವಿಂಡೋಸ್ ಮೊದಲಿನಿಂದ ಅದನ್ನು ಮುಚ್ಚಿಟ್ಟೇ ಬರುತ್ತದೆ. ಇದರ ಬೆಲೆ ಏನು ಎಂದು ಜಗತ್ತು 2000ದ ಮೇ ತಿಂಗಳಲ್ಲಿ ನೋಡಿತು. "ಐ ಲವ್ ಯೂ" ಎಂಬ ಇಮೇಲ್ ಜೊತೆ ಒಂದು ಪ್ರೇಮಪತ್ರದ ಫೈಲ್ ಬರುತ್ತಿತ್ತು. ಅದರ ಹೆಸರು ಟಿಎಕ್ಸ್‌ಟಿ ಎಂದು ಮುಗಿದಂತೆ ಕಾಣುತ್ತಿತ್ತು, ಅಂದರೆ ಬರೀ ಪಠ್ಯ, ತೆರೆದರೆ ಅಪಾಯವಿಲ್ಲ. ಆದರೆ ಅದರ ಮುಂದೆ ಇನ್ನೊಂದು ಚುಕ್ಕೆ, ವಿಬಿಎಸ್ ಎಂಬ ಮೂರು ಅಕ್ಷರ ಇದ್ದವು. ವಿಬಿಎಸ್ ಅಂದರೆ ಓಡುವ ಪ್ರೋಗ್ರಾಂ. ಎಕ್ಸ್‌ಟೆನ್ಷನ್ ಮುಚ್ಚಿದ್ದರಿಂದ ಜನರಿಗೆ ಕಾಣಲಿಲ್ಲ, ತೆರೆದರು. ವೈರಸ್ ಅವರ ಫೈಲ್‌ಗಳನ್ನು ಹಾಳು ಮಾಡಿ, ಅವರ ವಿಳಾಸ ಪಟ್ಟಿಯಲ್ಲಿದ್ದವರಿಗೆಲ್ಲ ತಾನೇ ಮೇಲ್ ಕಳಿಸಿಕೊಂಡು ಲಕ್ಷಾಂತರ ಕಂಪ್ಯೂಟರ್‌ಗಳಿಗೆ ಹರಡಿತು. ಇವತ್ತಿಗೂ ಬಿಲ್ ಎಂಬ ಹೆಸರಿನ ಮುಂದೆ ಪಿಡಿಎಫ್, ಅದರ ಮುಂದೆ ಪ್ರೋಗ್ರಾಂ ಎಂದು ಸೂಚಿಸುವ ಇಎಕ್ಸ್‌ಇ ಸೇರಿಸಿ ಇದೇ ಮೋಸ ಮಾಡುತ್ತಾರೆ. ವಿಂಡೋಸ್ 11ರಲ್ಲಿ ಎಕ್ಸ್‌ಪ್ಲೋರರ್ ತೆರೆದು ವ್ಯೂ, ಅದರಲ್ಲಿ ಶೋ, ಅದರಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಒತ್ತಿ. ಹೊಸ ಕಂಪ್ಯೂಟರ್ ಮುಂದೆ ಕೂತಾಗ ನಾನು ಬದಲಾಯಿಸುವ ಮೊದಲ ಸೆಟ್ಟಿಂಗ್ ಇದೇ.

ಅಳಿಸುವ ಬಗ್ಗೆ ಎರಡು ಮಾತು. ಕಂಪ್ಯೂಟರ್ ಒಳಗಿನ ಡಿಸ್ಕ್‌ನಿಂದ ಅಳಿಸಿದ್ದು ಸಾಮಾನ್ಯವಾಗಿ ರೀಸೈಕಲ್ ಬಿನ್‌ಗೆ ಹೋಗುತ್ತದೆ. ವಿಂಡೋಸ್‌ನಲ್ಲಿ ಪೆನ್ ಡ್ರೈವ್‌ನಿಂದ ಅಳಿಸಿದ್ದು ಹಾಗೆ ಹೋಗುವುದಿಲ್ಲ, ಅಲ್ಲೇ ಮುಗಿಯಿತು. ಶಿಫ್ಟ್ ಹಿಡಿದು ಡಿಲೀಟ್ ಒತ್ತಿದರೂ ಅಷ್ಟೇ. ಈ ಶಿಫ್ಟ್ ಅಭ್ಯಾಸವನ್ನು ದಯವಿಟ್ಟು ಮಾಡಿಕೊಳ್ಳಬೇಡಿ.

ಕಂಪ್ಯೂಟರ್ ಹ್ಯಾಂಗ್ ಆದಾಗ ಸುಮ್ನೆ ಹತ್ತು ಸಲ ಕ್ಲಿಕ್ ಮಾಡುವುದರಿಂದ ಕೆಲಸ ಇನ್ನೂ ನಿಧಾನವಾಗುತ್ತದೆ. ಒಂದೆರಡು ನಿಮಿಷ ಕಾಯಿರಿ. ಆಗಲೂ ಅಲುಗಾಡದಿದ್ದರೆ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಆ ಒಂದು ಪ್ರೋಗ್ರಾಂ ಮಾತ್ರ ನಿಲ್ಲಿಸಿ. ಆಮೇಲೆ ರೀಸ್ಟಾರ್ಟ್ ಮಾಡಿ. ಶಟ್ ಡೌನ್ ಮಾಡಿ ಆನ್ ಮಾಡಿದರೂ ಒಂದೇ ಅಲ್ವಾ ಅಂದರೆ, ಅಲ್ಲ. ವಿಂಡೋಸ್ 8ರಿಂದ ಫಾಸ್ಟ್ ಸ್ಟಾರ್ಟಪ್ ಎಂಬ ಏರ್ಪಾಡಿದೆ, ಅದು ಆನ್ ಇದ್ದರೆ ಶಟ್ ಡೌನ್ ಮಾಡುವಾಗ ಸಿಸ್ಟಮ್‌ನ ಒಂದು ಭಾಗವನ್ನು ಡಿಸ್ಕ್‌ನಲ್ಲಿ ಉಳಿಸಿಕೊಂಡು, ಮತ್ತೆ ಆನ್ ಮಾಡಿದಾಗ ಅದನ್ನೇ ಎತ್ತಿಕೊಳ್ಳುತ್ತದೆ. ಪೂರ್ತಿ ಹೊಸದಾಗಿ ಶುರುವಾಗುವುದು ರೀಸ್ಟಾರ್ಟ್ ಒತ್ತಿದಾಗ. ಟಾಸ್ಕ್ ಮ್ಯಾನೇಜರ್‌ನಲ್ಲಿ ಪರ್ಫಾರ್ಮೆನ್ಸ್ ಒಳಗೆ ಸಿಪಿಯು ನೋಡಿ, ಅಪ್ ಟೈಮ್ ಎಂದು ಇರುತ್ತದೆ. ದಿನಾ ರಾತ್ರಿ ಆಫ್ ಮಾಡುವ ಕಂಪ್ಯೂಟರ್‌ನಲ್ಲೂ ಅದು ಹಲವು ದಿನ ತೋರಿಸಬಹುದು.

ಕೊನೆಗೆ ಬ್ಯಾಕಪ್. ಕ್ಲೌಡ್‌ನಲ್ಲಿ, ಅಂದರೆ ಇಂಟರ್ನೆಟ್ ಮೇಲಿನ ಸಂಗ್ರಹದಲ್ಲಿ, ಸಿಂಕ್ ಆಗುತ್ತಿದೆ, ಇನ್ನು ಚಿಂತೆಯಿಲ್ಲ ಎಂದು ಬಹಳ ಮಂದಿ ನಂಬಿದ್ದಾರೆ. ಸಿಂಕ್ ಅಂದರೆ ಇಲ್ಲಿ ಮಾಡಿದ್ದು ಅಲ್ಲೂ ಆಗುತ್ತದೆ ಎಂದರ್ಥ. ಇಲ್ಲಿ ಅಳಿಸಿದರೆ ಅಲ್ಲೂ ಅಳಿಯುತ್ತದೆ, ಅಲ್ಲಿನ ಬಿನ್‌ನಲ್ಲಿ ಕೆಲವು ದಿನ ಇರುತ್ತದೆ, ಆಮೇಲೆ ಇಲ್ಲ. ಬಿಟ್ಟಿರಲಾಗದ ಫೈಲ್‌ಗಳ ಇನ್ನೊಂದು ಪ್ರತಿ ಹೊರಗಿನ ಹಾರ್ಡ್ ಡಿಸ್ಕ್‌ನಲ್ಲಿರಲಿ, ಕಾಪಿ ಮುಗಿದ ಮೇಲೆ ಆ ಡಿಸ್ಕನ್ನು ಕಂಪ್ಯೂಟರ್‌ನಿಂದ ಬಿಡಿಸಿ ಇಡಿ. ಜೋಡಿಸಿಯೇ ಬಿಟ್ಟರೆ ಫೈಲ್‌ಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್ ಬಂದಾಗ ಎರಡೂ ಪ್ರತಿ ಒಟ್ಟಿಗೆ ಹೋಗುತ್ತವೆ. ತಿಂಗಳಿಗೊಮ್ಮೆ ಆ ಡಿಸ್ಕ್ ಜೋಡಿಸಿ ಹೊಸ ಫೈಲ್‌ಗಳನ್ನು ಸೇರಿಸಿ, ಹಾಗೇ ಅದರಲ್ಲಿರುವ ಒಂದು ಹಳೆಯ ಫೈಲ್ ತೆರೆದು ಸರಿಯಾಗಿದೆಯಾ ನೋಡಿ.