ರಷ್ಯನ್ ಕಥೆಗಳ ಪೀಟರ್ಸ್‌ಬರ್ಗ್: ಬೀದಿಯಿಂದ ಮೇಜಿಗೆ ಬಂದ ಓದು

ರಷ್ಯನ್ ಲೇಖಕ ಗೊಗೋಲ್‌ನ ‘ಓವರ್‌ಕೋಟ್’ ಕಥೆ ಓದಿದವರಿಗೆ ಪೀಟರ್ಸ್‌ಬರ್ಗ್‌ನ ಚಳಿ ಗೊತ್ತು. ಆದರೆ ಆ ಊರಿನ ಬಗ್ಗೆ ಬಂದ ವಿಮರ್ಶೆಗಳನ್ನು ಹಿಡಿದು ಕೂತರೆ ತಲೆ ಕೆಡುತ್ತದೆ. ಕೆಲವರು ಕಥೆಯ ಬೀದಿ, ಸೇತುವೆ, ಮನೆಗಳನ್ನು ಹುಡುಕುತ್ತಾರೆ. ಇನ್ನು ಕೆಲವರು ಅದು ಊರೇ ಅಲ್ಲ, ಒಂದು ಪುರಾಣ ಎನ್ನುತ್ತಾರೆ. ಈ ಗೋಜಲು ಇವತ್ತಿನದಲ್ಲ.

1703ರಲ್ಲಿ ರಷ್ಯದ ದೊರೆ ಪೀಟರ್ ನೇವಾ ನದಿಯ ಜೌಗು ನೆಲದಲ್ಲಿ ಈ ಊರು ಕಟ್ಟಿಸಲು ಶುರು ಮಾಡಿದ. 1722ರಲ್ಲಿ ಸರ್ಕಾರಿ ನೌಕರರನ್ನು 14 ದರ್ಜೆಗಳಲ್ಲಿ ಕೂರಿಸಿದ. ನೂರು ವರ್ಷ ಕಳೆಯುವುದರೊಳಗೆ ರಾಜಧಾನಿಯ ತುಂಬ ಗುಮಾಸ್ತರು. 1824ರ ನವೆಂಬರ್‌ನಲ್ಲಿ ಭಾರಿ ಪ್ರವಾಹ ಬಂತು. ಪ್ರವಾಹದ ಮೇಲೆ ಕವಿ ಪುಷ್ಕಿನ್ ಕಾವ್ಯ ಬರೆದ, 1834ರಲ್ಲಿ ‘ಇಸ್ಪೀಟ್ ರಾಣಿ’ ಕಥೆ ಕೊಟ್ಟ.

ಆಮೇಲೆ ಗೊಗೋಲ್. 1828ರ ಕೊನೆಗೆ ಉಕ್ರೇನಿನಿಂದ ಬಂದಾಗ ಅವನಿಗೆ 19 ವರ್ಷ. ಸ್ವಲ್ಪ ಕಾಲ ತಾನೇ ಗುಮಾಸ್ತನಾಗಿದ್ದ. 1835ರ ‘ನೆವ್‌ಸ್ಕಿ ಪ್ರಾಸ್ಪೆಕ್ಟ್’ ಕಥೆಯ ಶುರುವಿನ ಪುಟಗಳಲ್ಲಿ ಒಂದೇ ರಸ್ತೆಯ ಇಡೀ ದಿನ ಇದೆ. ಬೆಳಿಗ್ಗೆ ಕೂಲಿಯವರು, ಮಧ್ಯಾಹ್ನ ಮಕ್ಕಳನ್ನು ಕರೆದುಕೊಂಡು ಮನೆಪಾಠದವರು, ಎರಡು ಗಂಟೆ ದಾಟಿದರೆ ಮೀಸೆ, ಟೋಪಿ, ಕೋಟುಗಳ ಮೆರವಣಿಗೆ, ಮೂರಕ್ಕೆ ಹಸಿರು ಸಮವಸ್ತ್ರದ ನೌಕರರು. ನಾಲ್ಕಕ್ಕೆ ರಸ್ತೆ ಖಾಲಿ. ಯಾವ ಹೊತ್ತು ಯಾರದ್ದು ಎಂದು ಆ ರಸ್ತೆಯಲ್ಲಿ ಎಷ್ಟೋ ಸಲ ನಡೆದವನಿಗೆ ಮಾತ್ರ ಗೊತ್ತಾಗುತ್ತದೆ, ಅಲ್ವಾ?

1836ರ ‘ಮೂಗು’ ಕಥೆಯಲ್ಲಿ ವಿಳಾಸಗಳು ಸಾಲುಸಾಲಾಗಿ ಬರುತ್ತವೆ. ಕ್ಷೌರಿಕನ ಮನೆ ವೊಜ್ನೆಸೆನ್‌ಸ್ಕಿ ರಸ್ತೆಯಲ್ಲಿ, ಮೂಗು ಕಳೆದುಕೊಂಡವನ ಮನೆ ಸದೋವಯಾ ಬೀದಿಯಲ್ಲಿ. ಮೂಗು ಅವನಿಗೆ ಎದುರಾಗುವುದು ಕಜಾನ್ ಚರ್ಚಿನಲ್ಲಿ, ಅದೂ ಅವನಿಗಿಂತ ಮೇಲಿನ ದರ್ಜೆಯ ಸಮವಸ್ತ್ರ ತೊಟ್ಟು! ಸೆನ್ಸಾರ್ ಕಾರಣಕ್ಕೆ ಮೊದಲ ಮುದ್ರಣದಲ್ಲಿ ಚರ್ಚಿನ ಜಾಗಕ್ಕೆ ಗೊಸ್ತಿನಿ ದ್ವೊರ್ ಎಂಬ ಅಂಗಡಿ ಸಾಲು ಬಂತು. ಮೂಗು ನಡೆದಾಡುವುದಕ್ಕೆ ತಕರಾರಿರಲಿಲ್ಲ, ಅದು ಎಲ್ಲಿ ನಡೆದಾಡುತ್ತದೆ ಎನ್ನುವುದಕ್ಕೆ ಇತ್ತು.

1842ರ ‘ಓವರ್‌ಕೋಟ್’ ಇದಕ್ಕೆ ತೀರಾ ಉಲ್ಟಾ. ಪಾರ್ಟಿ ಕೊಟ್ಟ ಅಧಿಕಾರಿಯ ಮನೆ ಎಲ್ಲಿತ್ತೋ ನೆನಪಿಲ್ಲ, ಬೀದಿಗಳೆಲ್ಲ ತಲೆಯಲ್ಲಿ ಕಲಸಿಹೋಗಿವೆ ಎಂದು ಕಥೆ ಹೇಳುವವನೇ ಕೈಚೆಲ್ಲುತ್ತಾನೆ. ಹಾಗಂತ ಊರು ಮಸುಕಾಗುವುದಿಲ್ಲ. ಕಥೆಯ ನಾಯಕ, ಗುಮಾಸ್ತ ಅಕಾಕಿಯ ಸಂಬಳ ವರ್ಷಕ್ಕೆ 400 ರೂಬಲ್. ಹೊಸ ಓವರ್‌ಕೋಟ್‌ಗೆ ಬೇಕಾದದ್ದು 80 ರೂಬಲ್. ಅವನು ಪಾರ್ಟಿಗೆ ಹೊರಟಾಗ ಮೊದಲು ಮಂಕು ದೀಪದ ಖಾಲಿ ಬೀದಿಗಳು. ಅಧಿಕಾರಿಯ ಮನೆ ಹತ್ತಿರವಾದಂತೆ ಬೆಳಕು ಜಾಸ್ತಿ, ಜನ ಜಾಸ್ತಿ, ಒಳ್ಳೆಯ ಬಟ್ಟೆ ಜಾಸ್ತಿ. ಬೀದಿಯ ಹೆಸರು ಒಂದೂ ಇಲ್ಲ, ಆದರೂ ಯಾರು ಎಲ್ಲಿ ವಾಸ ಎಂದು ತಿಳಿಯುತ್ತದೆ.

ಗೋಜಲಿನ ಮೊದಲ ಗಂಟು ಬಿದ್ದದ್ದು ಇದೇ ಹೊತ್ತಿಗೆ. ಗೊಗೋಲ್ ತನ್ನ ಕೃತಿಸಂಗ್ರಹದ ಮೂರನೇ ಸಂಪುಟದಲ್ಲಿ ಈ ಕಥೆಗಳನ್ನು ಸೇರಿಸಿದ. ಜೊತೆಗೆ ‘ರೋಮ್’ ಕೂಡ ಇತ್ತು, ಸಣ್ಣ ಊರೊಂದರಲ್ಲಿ ನಡೆಯುವ ‘ಗಾಡಿ’ಯೂ ಇತ್ತು. ‘ಪೀಟರ್ಸ್‌ಬರ್ಗ್ ಕಥೆಗಳು’ ಎಂಬ ಹೆಸರು ಅಂಟಿದ್ದು ಆಮೇಲೆ.

1845ರಲ್ಲಿ ಕವಿ ನೆಕ್ರಾಸೊವ್ ಸಂಪಾದಿಸಿದ ಸಂಕಲನವೊಂದು ಮನೆ ಕಾಯುವವರು, ಬೀದಿ ವಾದ್ಯಗಾರರು, ಬಾಡಿಗೆ ಮೂಲೆಗಳಲ್ಲಿ ಬದುಕುವವರ ಚಿತ್ರಗಳನ್ನು ತಂದಿತು. 1848ರಲ್ಲಿ ದಾಸ್ತೋವ್‌ಸ್ಕಿಯ ‘ಬಿಳಿ ರಾತ್ರಿಗಳು’ ಬಂತು.

ಅಧ್ಯಯನಕ್ಕೆ ಕಾಲು ಬಂದದ್ದು 1920ರ ದಶಕದಲ್ಲಿ. ಇತಿಹಾಸಕಾರ ಗ್ರೆವ್ಸ್ ಅವರ ಶಿಷ್ಯ ನಿಕೊಲಾಯ್ ಅಂತ್ಸಿಫೆರೊವ್ ಜನರನ್ನು ಬೀದಿಗೇ ಕರೆದುಕೊಂಡು ಹೋದರು. ಪುಸ್ತಕದ ಜಾಗದಲ್ಲಿ ನಿಂತು ಪುಸ್ತಕ ಓದುವುದು ಅವರ ಪಾಠ. 1922ರಲ್ಲಿ ‘ಪೀಟರ್ಸ್‌ಬರ್ಗ್‌ನ ಆತ್ಮ’, ಮರುವರ್ಷ ದಾಸ್ತೋವ್‌ಸ್ಕಿಯ ನಗರದ ಬಗ್ಗೆ ಇನ್ನೊಂದು ಪುಸ್ತಕ. ಹಾಗೆ ನೋಡಿದರೆ ಪುರಾಣದ ಮಾತನ್ನೂ ಅವರು ಆಗಲೇ ಆಡಿದ್ದರು. ಆದರೆ ಸುಮ್ನೆ ಅಲ್ಲ, ನಡೆದು ನೋಡಿದ ಮೇಲೆ. 1929ರಲ್ಲಿ ಅವರ ಬಂಧನವಾಯಿತು, ಮುಂದಿನ ವರ್ಷಗಳು ಕೈದಿಗಳ ಶಿಬಿರಗಳಲ್ಲಿ ಕಳೆದವು. ಊರಿನ ಹೆಸರೂ ಆಗ ಲೆನಿನ್‌ಗ್ರಾಡ್ ಆಗಿತ್ತು. ನಡೆದು ಓದುವ ಆ ಪರಂಪರೆ ಅಲ್ಲಿಗೆ ತುಂಡಾಯಿತು. ನನಗೆ ಈ ಇಡೀ ಕಥೆಯಲ್ಲಿ ದೊಡ್ಡ ನಷ್ಟವಾಗಿ ಕಾಣುವುದು ಇದೇ.

1984ರಲ್ಲಿ ಎಸ್ಟೋನಿಯಾದ ತಾರ್ತು ವಿಶ್ವವಿದ್ಯಾಲಯದಿಂದ ನಗರದ ಸಂಕೇತಗಳ ಬಗ್ಗೆ ಸಂಪುಟವೊಂದು ಬಂತು. ಅದರಲ್ಲಿ ಬರೆದ ವಿದ್ವಾಂಸರಲ್ಲಿ ಲೋಟ್‌ಮನ್ ಇದ್ದರು, ತೊಪೊರೊವ್ ಇದ್ದರು. ಬೇರೆ ಬೇರೆ ಲೇಖಕರು ಈ ಊರಿನ ಬಗ್ಗೆ ಬರೆದದ್ದೆಲ್ಲ ಸೇರಿ ಒಂದೇ ಪಠ್ಯ ಎಂಬುದು ತೊಪೊರೊವ್ ಅವರ ವಾದ. ಯೋಚನೆ ದೊಡ್ಡದು. ಅದು ತೋರಿಸಿದ ಕೊಂಡಿಗಳು ನಿಜ. ಆದರೆ ಅದರ ಹಿಂದೆ ಬಂದ ಎಷ್ಟೋ ಬರಹಗಳಲ್ಲಿ ಮಂಜು, ಪ್ರವಾಹ, ದೆವ್ವಗಳ ಪಟ್ಟಿ ಬೆಳೆಯಿತು. ಬಾಡಿಗೆ, ಸಂಬಳ, ಸೌದೆಯ ಖರ್ಚು ಹಿಂದೆ ಬಿದ್ದವು.

ಚೆಕಾಫ್ 1886ರ ಜನವರಿಯಲ್ಲಿ ಪೀಟರ್ಸ್‌ಬರ್ಗ್‌ನ ಪತ್ರಿಕೆಗೆ ಬರೆದ ಕಥೆಯೊಂದನ್ನು ನೋಡಿ. ಹಿಮದಲ್ಲಿ ಬಾಡಿಗೆ ಜಾರುಬಂಡಿ ಓಡಿಸುವ ಇಯೊನಾನ ಮಗ ಅದೇ ವಾರ ತೀರಿಕೊಂಡಿದ್ದಾನೆ. ಊರಿನ ಗುರುತಿಗೆ ಕಥೆಯಲ್ಲಿರುವುದು ವೈಬೋರ್ಗ್ ಭಾಗ ಮತ್ತು ಪೊಲೀಸ್ ಸೇತುವೆ ಎಂಬ ಹೆಸರುಗಳು, ಅಷ್ಟೇ. ಮೂವರು ಹುಡುಗರು ಸೇತುವೆಗೆ 20 ಕೊಪೆಕ್ (ರೂಬಲ್‌ನ ಐದರಲ್ಲೊಂದು ಪಾಲು) ಎನ್ನುತ್ತಾರೆ. ಅದು ಸರಿಯಾದ ಬಾಡಿಗೆಯಲ್ಲ. ಅವನಿಗೆ ದುಡ್ಡಿಗಿಂತ ಗಾಡಿಯಲ್ಲಿ ಯಾರಾದರೂ ಕೂತರೆ ಸಾಕು. ರಾತ್ರಿ ಲೆಕ್ಕ ಹಾಕಿದರೆ ಕುದುರೆಯ ಓಟ್ಸ್‌ಗೂ ದುಡಿಮೆ ಸಾಲದು. ಪುರಾಣದ ಪಟ್ಟಿಯಲ್ಲಿ ಈ ಕಥೆಗೆ ಜಾಗ ಹುಡುಕುವುದು ಕಷ್ಟ, ನಕ್ಷೆಯಲ್ಲೂ ಎರಡೇ ಚುಕ್ಕೆ. ಈ ಊರನ್ನು ಹೊಸದಾಗಿ ಓದುವವರಿಗೆ ನಾನು ಮೊದಲು ಕೊಡುವುದು ಇದನ್ನೇ. ಅಕಾಕಿಯ 400 ರೂಬಲ್ ಆಮೇಲೆ ತಾನಾಗಿಯೇ ಕಣ್ಣಿಗೆ ಬೀಳುತ್ತದೆ.